ಪಟ್ಟಿಯಲ್ಲಿ ಉಳಿದುಹೋಗುವ ಸಾಲು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವ ಬಹುತೇಕರ ಬಳಿ ಮಾಡಬೇಕಾದ ಕೆಲಸಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಕೆಲವರದು ಡೈರಿಯಲ್ಲಿ, ಕೆಲವರದು ಮೊಬೈಲಿನಲ್ಲಿ, ಇನ್ನು ಕೆಲವರದು ತಲೆಯೊಳಗೆ. ಅದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅದರಲ್ಲಿ ಒಂದು ಸಾಲು ವಾರಗಟ್ಟಲೆ ಕದಲದೆ ಕೂತಿರುತ್ತದೆ. ಹಳೆಯ ಪುಟದಿಂದ ಹೊಸ ಪುಟಕ್ಕೆ, ಈ ತಿಂಗಳಿನಿಂದ ಮುಂದಿನ ತಿಂಗಳಿಗೆ ಅದನ್ನು ಬರೆದುಕೊಳ್ಳುತ್ತಲೇ ಬಂದಿರುತ್ತೇವೆ. ಇಂದಿನ ನನ್ನ ಮಾತು ಬಹುಪಾಲು ಆ ಒಂದು ಸಾಲಿನ ಕುರಿತದ್ದು. ಉಳಿದವು ಹೇಗಾದರೂ ಮುಗಿಯುತ್ತವೆ.

ಆ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ದೊಡ್ಡ ಕೆಲಸವಾಗಿರುವುದು ಅಪರೂಪ. ಒಂದು ಪತ್ರಕ್ಕೆ ಉತ್ತರ, ಒಂದು ವೈದ್ಯಕೀಯ ತಪಾಸಣೆ, ಅರ್ಧ ತುಂಬಿ ಬಿಟ್ಟ ಅರ್ಜಿ, ಯಾರಿಗೋ ‘ನನ್ನಿಂದ ಆಗುವುದಿಲ್ಲ’ ಎಂದು ತಿಳಿಸಬೇಕಾದ ಫೋನ್ ಕರೆ. ಕುಳಿತರೆ ಅರ್ಧ ಗಂಟೆಯಲ್ಲಿ ಮುಗಿಯುವಂಥವು. ಆದರೆ ಒಂದೊಂದರ ಬೆನ್ನಿಗೂ ಒಂದು ಕಸಿವಿಸಿ ಅಂಟಿಕೊಂಡಿದೆ. ಉತ್ತರ ತಡವಾಯಿತೆಂಬ ನಾಚಿಕೆ, ತಪಾಸಣೆಯಲ್ಲಿ ಏನು ಹೊರಬೀಳುತ್ತದೋ ಎಂಬ ಅಳುಕು, ಎದುರಿನವರು ಬೇಸರಪಟ್ಟುಕೊಂಡಾರು ಎಂಬ ಸಂಕೋಚ. ಕೆಲಸವನ್ನು ಮುಂದಕ್ಕೆ ಹಾಕಿದ ಕೂಡಲೇ ಈ ಕಸಿವಿಸಿ ಕೊಂಚ ತಗ್ಗುತ್ತದೆ. ಆ ಕ್ಷಣದ ಹಗುರವೇ ಮತ್ತೆ ಮುಂದೂಡಲು ನಮ್ಮನ್ನು ಒಗ್ಗಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಫುಷಿಯಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್ 2013ರಲ್ಲಿ ಬರೆದ ಪ್ರಬಂಧದ ತಿರುಳು ಇದೇ: ಕೆಲಸ ಮುಂದೂಡುವುದರ ಬೇರು ಸಮಯ ನಿರ್ವಹಣೆಗಿಂತ ಹೆಚ್ಚಾಗಿ ಮನಃಸ್ಥಿತಿಯ ನಿರ್ವಹಣೆಯಲ್ಲಿದೆ. ಈಗಿನ ನಾನು ನೆಮ್ಮದಿಯಾಗಿರಲು ಮುಂದಿನ ನನ್ನ ಮೇಲೆ ಹೊರೆ ಹೇರುತ್ತೇನೆ.

ಹಾಗಾಗಿ ಇಂಥವರನ್ನು ‘ಸೋಮಾರಿ’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಇಡೀ ದಿನ ಬೇರೆ ಹತ್ತು ಕೆಲಸ ಮಾಡಿ ದಣಿದವರ ಪಟ್ಟಿಯಲ್ಲೂ ಆ ಒಂದು ಸಾಲು ಉಳಿದಿರುತ್ತದೆ. ಅವರಿಗೆ ಇನ್ನಷ್ಟು ಶಿಸ್ತಿನ ಉಪದೇಶ ಮಾಡಿ ಪ್ರಯೋಜನವಿಲ್ಲ. ‘ಈ ಕೆಲಸದಲ್ಲಿ ನನಗೆ ಚುಚ್ಚುತ್ತಿರುವುದು ಏನು?’ ಎಂದು ಕೇಳಿಕೊಂಡು, ಸಿಕ್ಕ ಉತ್ತರವನ್ನು ಆ ಸಾಲಿನ ಪಕ್ಕದಲ್ಲೇ ಬರೆಯಿರಿ. ಹೆಸರಿಟ್ಟ ಮೇಲೆ ಆ ಅಳುಕು ಮೊದಲಿನಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಇನ್ನು ಹುಮ್ಮಸ್ಸಿನ ಮಾತು. ಹುಮ್ಮಸ್ಸು ಬಂದ ಮೇಲೆ ಕೆಲಸ ಶುರು ಮಾಡೋಣ ಎಂದು ಕಾಯುತ್ತೇವೆ. ಅನೇಕ ಬಾರಿ ಅದು ಬರುವುದು ಕೆಲಸಕ್ಕೆ ಕೈ ಹಚ್ಚಿದ ಮೇಲೆ. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅವರ ಶಿಷ್ಯೆಯರಿಬ್ಬರು ಅರ್ಧಕ್ಕೆ ನಿಂತ ಕೆಲಸಗಳ ಬಗ್ಗೆ ಪ್ರಯೋಗ ನಡೆಸಿದರು. ಅರ್ಧಕ್ಕೆ ನಿಂತದ್ದು ಹೆಚ್ಚು ನೆನಪಿರುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ್ದು ಬಹಳ ಪ್ರಸಿದ್ಧವಾಯಿತು. ನಂತರದವರ ಪ್ರಯೋಗಗಳಲ್ಲಿ ಆ ಫಲಿತಾಂಶ ಒಂದೇ ಸಮನೆ ಸಿಗಲಿಲ್ಲ. ಅಷ್ಟು ಹೆಸರು ಮಾಡದ ಮರಿಯಾ ಒವ್ಸಿಯಾಂಕಿನಾ ಅವರ 1928ರ ಅಧ್ಯಯನ ನಮಗೆ ಹೆಚ್ಚು ಉಪಯುಕ್ತ. ನಡುವೆ ತಡೆದು ನಿಲ್ಲಿಸಿದ ಕೆಲಸಕ್ಕೆ ಜನ ಅವಕಾಶ ಸಿಕ್ಕಾಗ, ಯಾರೂ ಹೇಳದಿದ್ದರೂ, ತಾವಾಗಿಯೇ ಮರಳುತ್ತಾರೆ ಎಂಬುದನ್ನು ಅವರು ಕಂಡರು. ಆದ್ದರಿಂದ ಕದಲದ ಆ ಸಾಲನ್ನು ಇವತ್ತೇ ಮುಗಿಸಬೇಕೆಂಬ ಪಣ ಬೇಡ. ಅರ್ಜಿಯ ಮೊದಲ ಅಂಕಣ ತುಂಬಿ ಎದ್ದುಬಿಡಿ. ಪತ್ರದ ಮೊದಲ ವಾಕ್ಯ ಬರೆದು ಬಿಡಿ. ಶುರುವಾದ ಕೆಲಸ ತಾನೇ ನಿಮ್ಮನ್ನು ಕರೆಯುತ್ತದೆ.

ಸಾಲನ್ನು ಬರೆಯುವ ರೀತಿಯೂ ಮುಖ್ಯ. ‘ವಿಮೆ’ ಎಂದು ಬರೆದರೆ ಅದು ಒಂದು ಚಿಂತೆಯ ಹೆಸರು ಮಾತ್ರ. ಅದನ್ನು ನೋಡಿದಾಗ ಕೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಗುರುವಾರ ಬೆಳಗ್ಗೆ ಕಾಫಿ ಕುಡಿದ ಕೂಡಲೇ ವಿಮೆಯ ಹಳೆಯ ಕಾಗದಪತ್ರ ತೆಗೆದು ಮೇಜಿನ ಮೇಲಿಡುವುದು’ ಎಂದು ಬರೆದರೆ ಅದು ಕೆಲಸ. ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂಬ ಈ ಬಗೆಯ ಸಂಕಲ್ಪವನ್ನು ಜರ್ಮನ್ ಮೂಲದ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅವರು ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಗೂಡಿಸಿದಾಗ, ಇಂಥ ಸಂಕಲ್ಪ ಮಾಡಿದವರು ಗುರಿ ಮುಟ್ಟುವುದು ಗಮನಾರ್ಹವಾಗಿ ಹೆಚ್ಚೆಂದು ತಿಳಿಯಿತು. ಹೊತ್ತು ಬಂದಾಗ ‘ಈಗ ಮಾಡಲೋ, ಆಮೇಲೋ’ ಎಂಬ ಚರ್ಚೆಗೆ ಅಲ್ಲಿ ಜಾಗವೇ ಇರುವುದಿಲ್ಲ. ರಾತ್ರಿ ಮಲಗುವ ಮುನ್ನ ಬರೆಯುವುದು ಒಳ್ಳೆಯ ಅಭ್ಯಾಸ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ 57 ಜನರ ಅಧ್ಯಯನದಲ್ಲಿ, ಮುಂದೆ ಮಾಡಬೇಕಾದ ಕೆಲಸಗಳನ್ನು ಐದು ನಿಮಿಷ ಬರೆದವರು, ಆಗಲೇ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ರೆಗೆ ಜಾರಿದರು. ಎಷ್ಟು ವಿವರವಾಗಿ ಬರೆದರೋ ಅಷ್ಟು ಬೇಗ.

ಪಟ್ಟಿ ಎಷ್ಟು ಉದ್ದವಿರಬೇಕು? ನೀವು ಅಂದುಕೊಂಡದ್ದಕ್ಕಿಂತ ಗಿಡ್ಡ. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆ ಎಂದು ಅಂದಾಜಿಸಿದ್ದರು. ಹಿಡಿದದ್ದು ಸುಮಾರು 55 ದಿನ. ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ನಾನು ನಿಜವಾಗಿ ಒತ್ತಿ ಹೇಳಬೇಕೆಂದು ಬಂದಿರುವುದು ಲೆಕ್ಕ ಒಪ್ಪಿಸುವ ವಿಷಯ. ಪಟ್ಟಿಯನ್ನು ಬರೆಯುವವರು ನಾವೇ, ಓದುವವರು ನಾವೇ, ವಿನಾಯಿತಿ ಕೊಡುವವರೂ ನಾವೇ. ತನಗೆ ತಾನೇ ಕೊಟ್ಟ ಗಡುವು ಮೀರಿದರೆ ಯಾರೂ ಕೇಳುವುದಿಲ್ಲ. ಇನ್ನೊಬ್ಬರಿಗೆ ಮಾತು ಕೊಟ್ಟಿದ್ದರೆ ಅದೇ ನಾವು ಹೇಗಾದರೂ ಮಾಡಿ ಮುಗಿಸುತ್ತೇವೆ. ಬೆಂಜಮಿನ್ ಹಾರ್ಕಿನ್ ಮತ್ತು ಸಹೋದ್ಯೋಗಿಗಳು 2016ರಲ್ಲಿ 138 ಅಧ್ಯಯನಗಳನ್ನು, ಅಂದರೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟಿಗೆ ಪರಿಶೀಲಿಸಿದರು. ಪ್ರಗತಿಯನ್ನು ಆಗಾಗ ಗಮನಿಸಿಕೊಳ್ಳುವುದು ಗುರಿ ಮುಟ್ಟಲು ನೆರವಾಗುತ್ತದೆ. ಅದನ್ನು ಬರೆದಿಟ್ಟಾಗ ಅಥವಾ ಇತರರಿಗೆ ತಿಳಿಸಿದಾಗ ಪರಿಣಾಮ ಇನ್ನೂ ಹೆಚ್ಚು ಎಂಬುದು ಅಲ್ಲಿ ಸಿಕ್ಕ ಉತ್ತರ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಪ್ರಗತಿಯನ್ನು ತಿಳಿಸುವುದು ಬೇರೆ, ಉದ್ದೇಶವನ್ನು ಸಾರುವುದು ಬೇರೆ. ಗೋಲ್‌ವಿಟ್ಜರ್ ತಂಡವೇ 2009ರಲ್ಲಿ ಕಾನೂನು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. ಓದಿಗೆ ಸಿಕ್ಕ ಅವಕಾಶವನ್ನು ಚೆನ್ನಾಗಿ ಬಳಸಿಕೊಳ್ಳುತ್ತೇವೆ ಎಂಬ ಉದ್ದೇಶವನ್ನು ಇನ್ನೊಬ್ಬರು ಗಮನಿಸಿದ್ದಾರೆಂದು ತಿಳಿದವರು, ಗುಟ್ಟಾಗಿ ಇಟ್ಟುಕೊಂಡವರಿಗಿಂತ ಕಡಿಮೆ ಹೊತ್ತು ಅಭ್ಯಾಸಕ್ಕೆ ಕುಳಿತರು. ನಾನು ಒಳ್ಳೆಯ ವಕೀಲನಾಗುತ್ತೇನೆ, ಲೇಖಕಿಯಾಗುತ್ತೇನೆ ಎಂದು ಸಾರಿದಾಗ ಸಿಗುವ ಮೆಚ್ಚುಗೆಯಲ್ಲೇ ಅರ್ಧ ತೃಪ್ತಿ ಸಿಕ್ಕಿಬಿಡುತ್ತದೆ. ಆದ್ದರಿಂದ ಹತ್ತು ಜನರ ಮುಂದೆ ಘೋಷಣೆ ಬೇಡ. ಒಬ್ಬರ ಬಳಿ, ನಿಗದಿಯಾದ ಹೊತ್ತಿಗೆ, ಮಾಡಿದ ಕೆಲಸವನ್ನು ತೋರಿಸಿ. ‘ಮಾಡಿದೆ’ ಎಂಬ ಮಾತಿಗಿಂತ ಕಳಿಸಿದ ಪತ್ರದ ಪ್ರತಿ, ತುಂಬಿದ ಅರ್ಜಿಯ ಫೋಟೊ ಮೇಲು.

ಆ ಒಬ್ಬರು ಯಾರಾಗಬೇಕು? ಮನೆಯವರು ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೆಲಸದ ಪ್ರಶ್ನೆ ಬೇಗನೆ ಬೇರೆ ಹಳೆಯ ಅಸಮಾಧಾನಗಳ ಜತೆ ಬೆರೆತುಹೋಗುತ್ತದೆ. ಮೇಲಧಿಕಾರಿಯೂ ಬೇಡ, ಭಯ ಇದ್ದಲ್ಲಿ ನಿಜ ಹೊರಬರುವುದಿಲ್ಲ. ತನ್ನದೂ ಒಂದು ಕದಲದ ಸಾಲು ಇರುವ ಸ್ನೇಹಿತರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇಬ್ಬರೂ ಕೇಳುವವರು, ಇಬ್ಬರೂ ಹೇಳುವವರು.

ಕೇಳುವವರ ಹೊಣೆ ಹೇಳುವವರದಕ್ಕಿಂತ ದೊಡ್ಡದು. ‘ಯಾಕೆ ಮಾಡಲಿಲ್ಲ?’ ಎಂದು ಕೇಳಿದರೆ ಎದುರಿನವರು ಕಾರಣ ಹುಡುಕತೊಡಗುತ್ತಾರೆ, ಮುಂದಿನ ವಾರ ನಿಮ್ಮ ಕರೆಯನ್ನೇ ತಪ್ಪಿಸುತ್ತಾರೆ. ‘ಎಲ್ಲಿ ಸಿಕ್ಕಿಹಾಕಿಕೊಂಡಿತು? ಮುಂದಿನ ಚಿಕ್ಕ ಹೆಜ್ಜೆ ಯಾವುದು? ಯಾವಾಗ?’ ಎಂದು ಕೇಳಿ. ಇದು ಕೆಲಸವನ್ನು ಸಡಿಲ ಬಿಟ್ಟಂತೆ ಎಂದು ಕೆಲವರು ವಾದಿಸುತ್ತಾರೆ. ಕಾರ್ಲಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್, ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಕಂಡದ್ದು ಇದಕ್ಕೆ ವಿರುದ್ಧವಾಗಿದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಗೆ ಓದುವುದನ್ನು ಕಡಿಮೆ ಮುಂದೂಡಿದರು. ಬೈಸಿಕೊಂಡ ಕೆಲಸ ಇನ್ನಷ್ಟು ಅಹಿತವಾಗುತ್ತದೆ, ಅಹಿತವಾದದ್ದರಿಂದ ಇನ್ನಷ್ಟು ದೂರ ಓಡುತ್ತೇವೆ. ಕ್ಷಮೆ ಆ ಸುತ್ತನ್ನು ಮುರಿಯುತ್ತದೆ.

ಸಾಲನ್ನು ಹೊಡೆದುಹಾಕುವ ಸ್ವಾತಂತ್ರ್ಯವೂ ಈ ಒಪ್ಪಂದದಲ್ಲಿ ಇರಲಿ. ಕೆಲವು ಕೆಲಸಗಳ ಕಾಲ ಮುಗಿದಿರುತ್ತದೆ. ಇನ್ನು ಕೆಲವು ಬೇರೆಯವರ ಆಸೆಗಾಗಿ ಪಟ್ಟಿ ಸೇರಿದವು. ಅವನ್ನು ಕೈಬಿಡುವುದಾದರೆ ಕದ್ದುಮುಚ್ಚಿ ಬಿಡಬೇಡಿ. ಕೇಳುವವರ ಮುಂದೆ ‘ಇದನ್ನು ನಾನು ಮಾಡುವುದಿಲ್ಲ’ ಎಂದು ಹೇಳಿ ಗೀಟು ಎಳೆಯಿರಿ. ಹಾಗೆ ಬಾಯಿಬಿಟ್ಟು ಹೇಳಲು ಮನಸ್ಸು ಒಪ್ಪದಿದ್ದರೆ ಆ ಕೆಲಸ ನಿಮಗೆ ಇನ್ನೂ ಬೇಕಾಗಿದೆ ಎಂದೇ ಅರ್ಥ.

ಒಂದೆರಡು ತಿಂಗಳಲ್ಲಿ ಈ ಏರ್ಪಾಡು ಸಡಿಲವಾಗುವುದು ಸಹಜ. ಕರೆ ತಪ್ಪುತ್ತದೆ, ಒಂದು ವಾರ ಇಬ್ಬರೂ ಮರೆಯುತ್ತಾರೆ. ಆಗ ಹೊಸ ಡೈರಿ, ಹೊಸ ಆ್ಯಪ್ ಹುಡುಕುತ್ತಾ ಹೋಗಬೇಡಿ. ತಪ್ಪಿದ ವಾರಗಳ ಬಾಕಿಯನ್ನೆಲ್ಲ ಒಮ್ಮೆಲೇ ಒಪ್ಪಿಸಬೇಕೆಂದೂ ಇಲ್ಲ. ಮೊದಲು ನೆನಪಾದವರು ಮೊದಲು ಫೋನ್ ಮಾಡಿ, ಒಂದೇ ಒಂದು ಸಾಲಿನ ಬಗ್ಗೆ ಕೇಳಲಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.