ಗಾಳಿ ಇಳಿಸಿ: ಕನಾಲ್ ದು ಮಿದಿಯ ಏರಿಯ ಮೇಲೆ ಗ್ರಾವೆಲ್ ಸೈಕಲ್

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಕನಾಲ್ ದು ಮಿದಿ ಎಂಬ ಕಾಲುವೆಯ ಏರಿಯ ಮೇಲೆ ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ ಮಣ್ಣಿನ ದಾರಿಗೆ ಹೊಂದುವ ಅಗಲ ಟೈರಿನ ಸೈಕಲ್, ತುಳಿಯುವ ಬಗ್ಗೆ ನೀವು ಕಳಿಸಿದ ಚೀಟಿಗಳನ್ನೆಲ್ಲ ಓದಿದೆ. ಬಹುಪಾಲು ಚೀಟಿಗಳಲ್ಲಿ ಒಂದೇ ಪ್ರಶ್ನೆ: ಯಾವ ಸೈಕಲ್ ತಗೊಳ್ಳಬೇಕು? ಕಾರ್ಬನ್ನೋ ಸ್ಟೀಲೋ, ಹನ್ನೊಂದು ಗೇರೋ ಹನ್ನೆರಡೋ? ಟೈರಿನಲ್ಲಿ ಎಷ್ಟು ಗಾಳಿ ಇರಬೇಕು ಅಂತ ಒಬ್ಬರೂ ಕೇಳಿಲ್ಲ. ಇವತ್ತು ನನ್ನ ತಕರಾರೇ ಅದು. ಮಾತು ಎಲ್ಲೆಲ್ಲಿ ಹೋದರೂ ಅಲ್ಲಿಗೇ ವಾಪಸ್ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫ್ರಾನ್ಸಿನಲ್ಲಿ ಸೈಕಲ್ ತುಳಿಯಬಹುದಾದ ಕಾಲುವೆ ದಂಡೆಗಳಿಗೆ ಬರವಿಲ್ಲ. ನಾಂತ್‌ನಿಂದ ಬ್ರೆಸ್ತ್‌ವರೆಗಿನದು ಇದೆ, ಬೂರ್ಗೋಞ್ ಇದೆ, ನಿವೆರ್ನೆ ಇದೆ, ಲ್ವಾರ್ ನದಿಯ ದಾರಿಯಂತೂ ಇದ್ದೇ ಇದೆ. ಅವುಗಳ ಮೇಲೆ ಬಹುಮಟ್ಟಿಗೆ ಗಟ್ಟಿಯಾಗಿ ಬಡಿದ ಮರಳುಮಣ್ಣೋ ಡಾಂಬರೋ ಸಿಗುತ್ತದೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಕನಾಲ್ ದು ಮಿದಿ ಹಾಗಲ್ಲ. ತುಲೂಸಿನಿಂದ ಮೆಡಿಟರೇನಿಯನ್ ಪಕ್ಕದ ತೊ ಸರೋವರದವರೆಗೆ 240 ಕಿಲೋಮೀಟರ್. ಮೊದಲ 50 ಕಿಲೋಮೀಟರ್, ಪೋರ್ ಲೊರಾಗೆವರೆಗೆ, ನುಣ್ಣನೆ ಡಾಂಬರು. ಆಮೇಲೆ ಜಿಲ್ಲೆ ಬದಲಾಗುತ್ತದೆ, ದಾರಿಯೂ ಬದಲಾಗುತ್ತದೆ. ಜಲ್ಲಿ, ಮಣ್ಣು, ಬೇರು, ಹುಲ್ಲಿನ ನಡುವೆ ಅಡಿಯಗಲದ ಕಾಲುದಾರಿ. ಬಾಡಿಗೆ ಸೈಕಲ್ಲಿನಲ್ಲಿ ಉತ್ಸಾಹದಿಂದ ಹೊರಟವರು ಗೊಣಗಲು ಶುರುಮಾಡುವುದು ಇಲ್ಲೇ.

ಮಂಡ್ಯ ಕಡೆಯವರಿಗೆ ನಾಲೆ ಏರಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಇದೂ ಏರಿಯೇ. ಆದರೆ ಇದನ್ನು ಮಾಡಿದ್ದು ಕುದುರೆಗೆ. ಕುದುರೆ ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಕುದುರೆಯ ಗೊರಸಿಗೆ ಬೇರು ಅಡ್ಡಿಯಲ್ಲ, ನಿಮ್ಮ ಐವತ್ತು ಪಿಎಸ್‌ಐ ಟೈರಿಗೆ ಅಡ್ಡಿ (ಪಿಎಸ್‌ಐ ಅಂದರೆ ಟೈರಿನೊಳಗಿನ ಗಾಳಿಯ ಒತ್ತಡದ ಅಳತೆ). ಹ್ಞಾಂ, ಬಂದೆನಲ್ಲ ಗಾಳಿಗೆ! ಇರಲಿ, ಮೊದಲು ನೀರಿನ ಕಥೆ ಹೇಳಿಬಿಡುತ್ತೇನೆ, ಅದಿಲ್ಲದೆ ದಾರಿ ಅರ್ಥವಾಗುವುದಿಲ್ಲ.

ಈ ಕಾಲುವೆ ತೋಡಿಸಿದ ಪಿಯೇರ್ ಪೋಲ್ ರಿಕೆ ಎಂಜಿನಿಯರ್ ಅಲ್ಲ. ಉಪ್ಪಿನ ಸುಂಕ ವಸೂಲಿ ಮಾಡುತ್ತಿದ್ದ ಗುತ್ತಿಗೆದಾರ. ಅಟ್ಲಾಂಟಿಕ್ಕಿಗೂ ಮೆಡಿಟರೇನಿಯನ್ನಿಗೂ ಕಾಲುವೆ ತೋಡಬೇಕೆಂಬ ಆಸೆ ಅವನಿಗಿಂತ ಹಿಂದಿನದು. ತೋಡುವುದು ಯಾರ ಕೈಲಾದರೂ ಆಗುತ್ತಿತ್ತು, ತೊಡಕಿದ್ದದ್ದು ನೆತ್ತಿಯಲ್ಲಿ. ಎರಡು ಕಡೆಗೂ ಇಳಿಯುವ ಕಾಲುವೆಗೆ ನಡುವೆ ಒಂದು ಎತ್ತರದ ಜಾಗ ಇರಲೇಬೇಕು. ಒಂದೊಂದು ದೋಣಿ ದಾಟಿದಾಗಲೂ ಲಾಕ್ ಎಂಬ, ದೋಣಿಯನ್ನು ಏರಿಸಿ ಇಳಿಸುವ ಕದದ ತೊಟ್ಟಿಗಳ ಮೂಲಕ ಅಲ್ಲಿಂದ ನೀರು ಎರಡೂ ಕಡೆ ಇಳಿದು ಹೋಗುತ್ತದೆ. ಅದನ್ನು ತುಂಬಿಕೊಡುವವರು ಯಾರು? ಆ ನೆತ್ತಿ ನೊರೂಝ್, ಸುಮಾರು 189 ಮೀಟರ್ ಎತ್ತರ, ದೊಡ್ಡ ನದಿಯಿಲ್ಲದ ಜಾಗ. ಅಲ್ಲೊಂದು ಬುಗ್ಗೆಯ ನೀರು ಕಲ್ಲಿಗೆ ತಾಗಿ ಎರಡಾಗಿ ಸೀಳಿ, ಒಂದು ಪಾಲು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಹರಿದದ್ದನ್ನು ನೋಡಿ ರಿಕೆಗೆ ಹೊಳೆಯಿತು ಅಂತ ಐತಿಹ್ಯ. ಐತಿಹ್ಯ ಅಂದೆ, ಇತಿಹಾಸ ಅನ್ನಲಿಲ್ಲ. ನಿಜವಾದ ಕೆಲಸ ನಡೆದದ್ದು ದೂರದ ಮೊಂತಾಞ್ ನುವಾರ್ ಬೆಟ್ಟದಲ್ಲಿ. ರೆವೆಲ್ ಊರಿನ ನೀರಿನ ಮೇಲ್ವಿಚಾರಕ ಪಿಯೇರ್ ಕಾಂಪ್ಮಾಸನನ್ನು ಜೊತೆಗಿಟ್ಟುಕೊಂಡು ಅಲ್ಲಿನ ಹಳ್ಳಗಳನ್ನೆಲ್ಲ ಅಳೆದು, ರಿಗೋಲ್ ಎಂಬ ಸಣ್ಣ ಕಾಲುವೆಗಳಲ್ಲಿ ಕೂಡಿಸಿ ನೊರೂಝ್‌ಗೆ ತರುವ ಲೆಕ್ಕ ಹಾಕಿದ. ಬೊಂರೆಪೋದಲ್ಲಿದ್ದ ತನ್ನ ಬಂಗಲೆಯ ತೋಟದಲ್ಲಿ ಪುಟ್ಟ ಮಾದರಿ ತೋಡಿ ನೀರು ಹರಿಸಿ ನೋಡಿದ. 1666ರಲ್ಲಿ ಹದಿನಾಲ್ಕನೆಯ ಲೂಯಿಯ ಅಪ್ಪಣೆಯಾಯಿತು. ಸೆಂ ಫೆರೆಯೋಲ್‌ನಲ್ಲಿ ಅಣೆಕಟ್ಟು ಎದ್ದಿತು. ಒಂದು ಹಂತದಲ್ಲಿ ಸುಮಾರು 12,000 ಜನ ದುಡಿದರು, ಹೆಂಗಸರೂ ಇದ್ದರು. 1681ರ ಮೇ ತಿಂಗಳಲ್ಲಿ ಕಾಲುವೆ ತೆರೆಯಿತು. ರಿಕೆ ಅಷ್ಟರಲ್ಲಿ ಇರಲಿಲ್ಲ. ಏಳೆಂಟು ತಿಂಗಳ ಹಿಂದೆಯೇ, ಮೈತುಂಬ ಸಾಲ ಹೊತ್ತು, ತೀರಿಕೊಂಡಿದ್ದ.

ಅಧ್ಯಕ್ಷರು ಗಡಿಯಾರ ನೋಡಿದರು. ಸರಿ. ಈ ಕಥೆಗೂ ಸೈಕಲ್ಲಿಗೂ ಏನು ಸಂಬಂಧ? ಎರಡಿದೆ. ಒಂದು, ಬೆಟ್ಟದ ಬುಡದಿಂದ ನೊರೂಝ್‌ಗೆ ಬರುವ ಬಯಲಿನ ರಿಗೋಲಿನ ಪಕ್ಕ ಇವತ್ತೂ ದಾರಿಯಿದೆ. ಮೂವತ್ತೈದು ಕಿಲೋಮೀಟರಿನ ಆಸುಪಾಸು, ನೆರಳು, ಮೆತ್ತನೆ ಮಣ್ಣು, ಜನ ಕಡಿಮೆ. ದೊಡ್ಡ ಕಾಲುವೆಗಿಂತ ಗ್ರಾವೆಲ್ ಸೈಕಲ್ಲಿಗೆ ಇದೇ ಚೆಂದ ಎನ್ನುವವನು ನಾನು. ಒಂದು ದಿನ ಇದಕ್ಕೇ ಇಡಿ.

ಎರಡನೆಯದು ಮುಖ್ಯ. ನೀರಿಗಾಗಿ ಮಾಡಿದ ದಾರಿ ಚಪ್ಪಟೆ. ತುಲೂಸಿನಿಂದ ನೊರೂಝ್‌ವರೆಗೆ 52 ಕಿಲೋಮೀಟರ್, ಏರು 60 ಮೀಟರೂ ಇಲ್ಲ. ಅದೂ ಒಂದೊಂದು ಲಾಕಿನ ಪಕ್ಕದ ಸಣ್ಣ ಏರಿನಲ್ಲೇ ಮುಗಿದುಹೋಗುತ್ತದೆ. "ಚಪ್ಪಟೆಯಾದರೆ ಸುಲಭ" ಅಂತ ನಗುತ್ತಿದ್ದೀರಿ ಹಿಂದಿನ ಸಾಲಿನವರು. ಘಾಟಿಯಲ್ಲಿ ಹತ್ತುವಾಗ ಎದ್ದು ತುಳಿಯುತ್ತೀರಿ, ಇಳಿಯುವಾಗ ತುಳಿಯುವುದನ್ನೇ ನಿಲ್ಲಿಸುತ್ತೀರಿ. ಇಲ್ಲಿ ಎರಡೂ ಇಲ್ಲ. ಆರು ಗಂಟೆ ಒಂದೇ ಭಂಗಿ, ಒಂದೇ ಸೀಟು, ಅಂಗೈಯ ಒಂದೇ ಜಾಗದ ಮೇಲೆ ಭಾರ. ಬೇರಿನ ಪ್ರತಿಯೊಂದು ಪೆಟ್ಟೂ ಅಲ್ಲಿಗೇ. ಎರಡನೆಯ ದಿನ ಸಂಜೆ ಕಿರುಬೆರಳು ಜೋಮು ಹಿಡಿಯುವುದು ಇದರಿಂದ. ಗೇರು ಬದಲಿಸಿದರೆ ಹೋಗುವುದಿಲ್ಲ. ಗಾಳಿ ಇಳಿಸಿದರೆ ಹೋಗುತ್ತದೆ.

ಲೆಕ್ಕ ಬರೆದುಕೊಳ್ಳಿ. 75 ಕಿಲೋ ಸವಾರ, 10 ಕಿಲೋ ಸಾಮಾನು, 42 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರು: ಮುಂದೆ 28, ಹಿಂದೆ 32 ಪಿಎಸ್‌ಐ. ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ. ಬೇರಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಾಗುತ್ತದೆ. ಅದಕ್ಕೆ 38, 42. ಡಾಂಬರಿನ ಮೇಲೆ ಎಷ್ಟಾದರೂ ಇಟ್ಟುಕೊಳ್ಳಿ, ಪೋರ್ ಲೊರಾಗೆಯಲ್ಲಿ ಕಾಫಿ ಕುಡಿಯುವಾಗ ಇಳಿಸಿ. ರಿಮ್ ಟಣ್ ಅಂತ ಬೇರಿಗೆ ಬಡಿದ ಸದ್ದು ಕೇಳಿದರೆ ಎರಡು ಪಿಎಸ್‌ಐ ಸೇರಿಸಿ. ಹೆಬ್ಬೆರಳಲ್ಲಿ ಒತ್ತಿ ನೋಡುವುದನ್ನು ಬಿಡಿ, ಗೇಜ್ ಒಯ್ಯಿರಿ.

ಈ ಬೇರುಗಳು ದಂಡೆಯುದ್ದಕ್ಕೂ ಸಾಲಾಗಿ ನೆಟ್ಟ ಪ್ಲೇನ್ ಎಂಬ ಜಾತಿಯ ಮರಗಳವು. ರಿಕೆಯ ಕಾಲದವಲ್ಲ, ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟದ್ದು. ಒಟ್ಟು 42,000ದಷ್ಟಿದ್ದವು. 2006ರಲ್ಲಿ ಇಲ್ಲಿ ಬೂಷ್ಟು ರೋಗ ಕಾಣಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಈ ಬೂಷ್ಟು ಫ್ರಾನ್ಸಿಗೆ ಬಂತು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಬೇರಿನಿಂದ ಬೇರಿಗೆ, ನೀರಿನಿಂದ, ದೋಣಿ ಉಜ್ಜಿದ ಗಾಯದಿಂದ ಹರಡುತ್ತದೆ. ಮದ್ದಿಲ್ಲ, ಕಡಿದು ಸುಡಬೇಕು. ಹತ್ತಾರು ಸಾವಿರ ಮರ ಹೋದವು, ಬೇರೆ ಜಾತಿಗಳನ್ನು ನೆಡುತ್ತಿದ್ದಾರೆ. ನಿಮಗೆ ಇದರಿಂದ ಆಗುವುದಿಷ್ಟು: ಮರ ಕಡಿಯುವಾಗ ದಂಡೆ ಮುಚ್ಚಿರುತ್ತದೆ, ಹಳದಿ ಫಲಕ ನೋಡಿ ಸುತ್ತಿಕೊಂಡು ಹೋಗಬೇಕು. ಬುಡ ಕಿತ್ತ ಗುಂಡಿಗೆ ತುಂಬಿದ ಮಣ್ಣು ಸಡಿಲ, ಮುಂದಿನ ಚಕ್ರ ಹೂತುಕೊಳ್ಳುತ್ತದೆ. ನೆರಳಿಲ್ಲ, ಜುಲೈ ಮಧ್ಯಾಹ್ನ ಸುಡುತ್ತದೆ. ಕಾರ್ಕಸೋನ್‌ನಿಂದ ಬೆಜಿಯೇವರೆಗಿನ ನೂರು ಕಿಲೋಮೀಟರಿನಲ್ಲಿ ಇದೆಲ್ಲ ಎದುರಾಗುತ್ತದೆ. ಕೆಲವು ತುಂಡುಗಳನ್ನು ಈಚೆಗೆ ಸಮ ಮಾಡಿದ್ದಾರೆ, ಎಲ್ಲವನ್ನೂ ಅಲ್ಲ.

ಇನ್ನು ಮುಳ್ಳು. ಆ ಕಡೆಯ ಸೈಕಲ್ಲಿನವರು ಬೈಯುವ ಮುಳ್ಳು ಯಾವುದು ಗೊತ್ತೇ? ನಮ್ಮ ನೆಗ್ಗಿಲು! ಅದೇ ಗಿಡ, ಅದೇ ಕಾಯಿ. ಫ್ರೆಂಚರು ಮಾಲ್ಟಾದ ಶಿಲುಬೆ ಅಂತ ಹೆಸರಿಟ್ಟಿದ್ದಾರೆ, ಚುಚ್ಚುವುದು ಮಾತ್ರ ಕನ್ನಡದಲ್ಲೇ ಚುಚ್ಚುತ್ತದೆ. ಬೇಸಿಗೆಯ ಕೊನೆಯಲ್ಲಿ ಒಣಗಿದ ಕಾಯಿ ದಾರಿಯಂಚಿನಲ್ಲಿ ಬಿದ್ದಿರುತ್ತದೆ. ಟೈರಿಗೊಂದಕ್ಕೆ 50ರಿಂದ 60 ಮಿಲಿಲೀಟರ್ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಇರಲಿ. ಇಲ್ಲಿಂದ ಹೊರಡುವ ಮೊದಲು ವಾಲ್ವ್ ತೆಗೆದು ನೋಡಿ, ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರಿನ ಉಂಡೆಯಾಗಿರುತ್ತದೆ. ಮುಳ್ಳು ಕಂಡ ಕೂಡಲೇ ಕೀಳಬೇಡಿ. ಚಕ್ರ ತಿರುಗಿಸಿ, ಮುಳ್ಳು ಕೆಳಗೆ ಬರುವಂತೆ ನಿಲ್ಲಿಸಿ, ದ್ರವ ಅಲ್ಲಿ ಸೇರಿದ ಮೇಲೆ ಕೀಳಿ.

ಮಳೆ ಬಂದರೆ ಲೊರಾಗೆ ಪ್ರದೇಶದ ಜೇಡಿಮಣ್ಣು ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಚಕ್ರ ನಿಲ್ಲಿಸುತ್ತದೆ. ಎರಡೂ ಬದಿ ಆರು ಮಿಲಿಮೀಟರಾದರೂ ಸಂದು ಬೇಕು. ಇಲ್ಲದಿದ್ದರೆ ಆ ದಿನ ಪಕ್ಕದ ಹಳ್ಳಿರಸ್ತೆ ಹಿಡಿಯಿರಿ. ಹಳೆಯ ಸೇತುವೆಗಳ ಕೆಳಗೆ ದಾರಿ ಕಿರಿದು, ಕಮಾನು ತಗ್ಗು, ಎದುರಿಗೆ ಬರುವವರು ಕಾಣುವುದಿಲ್ಲ. ಗಂಟೆ ಬಾರಿಸಿ, ತಲೆ ಬಗ್ಗಿಸಿ.

ಚೀಟಿ ಬಂತು, ಐದು ನಿಮಿಷವಂತೆ. ಗಾಳಿ ಅಂದರೆ ಬೀಸುವ ಗಾಳಿಯ ಬಗ್ಗೆ ಹೇಳಬೇಕಿತ್ತು. ಚುಟುಕಾಗಿ: ಸೆರ್ಸ್ ಎಂಬ ಗಾಳಿ ವಾಯವ್ಯದಿಂದ ಬೀಸುತ್ತದೆ, ತುಲೂಸಿನಿಂದ ಸಮುದ್ರಕ್ಕೆ ಹೋಗುವವರನ್ನು ಬೆನ್ನಿಗೆ ತಳ್ಳುತ್ತದೆ. ಓತಾಂ ಎಂಬ ಇನ್ನೊಂದು ಗಾಳಿ ಆಗ್ನೇಯದಿಂದ, ಎದುರಿಗೆ. ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದೇ ಮೇಲು. ನೀರು: ಹಳ್ಳಿಯ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಮುಜುಗರ ಬೇಡ, ಆದರೆ ಕುಡಿಯಲು ಯೋಗ್ಯವಲ್ಲ ಅಂತ ಫಲಕವಿದೆಯೇ ನೋಡಿ. ಊಟ: ಬ್ರೆಡ್ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಎಷ್ಟೋ ಊರಿನಲ್ಲಿ ಸೋಮವಾರ ಪೂರಾ ರಜೆ. ಸಸ್ಯಾಹಾರಿಗಳೇ, ಕಾಸ್ತೆಲ್ನೊದಾರಿಯ ಕಾಸುಲೆ ಬಿಳಿ ಬೀನ್ಸ್ ಕಾಳಿನ ಸಾರಿನ ಹಾಗೆ ಕಂಡರೂ ಒಳಗೆ ಬಾತುಕೋಳಿ, ಹಂದಿ ಇವೆ. ಬೆಜಿಯೇ ಪಕ್ಕದ ಫೊಂಸರಾನ್ ಲಾಕುಗಳ ಮೆಟ್ಟಿಲು, ಮಾಲ್ಪಾ ಸುರಂಗ... ಬಿಟ್ಟುಬಿಡುತ್ತೇನೆ. ರೈಲಿನ ಬಗ್ಗೆ ಕೇಳಿದವರು ಯಾರು? ವೇಗದ ರೈಲಿನಲ್ಲಿ ಸೈಕಲ್ ಬಿಚ್ಚಿ ಚೀಲದೊಳಗೆ ಹಾಕಿದರೆ ಸಾಮಾನಿನ ಲೆಕ್ಕ. ಪ್ರಾದೇಶಿಕ ರೈಲಿನಲ್ಲಿ ಹಾಗೇ ಹತ್ತಿಸಬಹುದು, ಬೇಸಿಗೆಯಲ್ಲಿ ಜಾಗ ಸಿಗುವುದು ಕಷ್ಟ, ಬೆಳಗಿನ ಮೊದಲ ರೈಲು ನೋಡಿ.

ಉಳಿದ ಪ್ರಶ್ನೆಗಳನ್ನು ಹೊರಗೆ ಮಾತಾಡೋಣ. ಪಂಪು, ಗೇಜು ಎರಡೂ ಈ ಮೇಜಿನ ಮೇಲಿವೆ. ಸೈಕಲ್ಲಿನಲ್ಲಿ ಬಂದವರು ಅದನ್ನು ಜಗಲಿಗೆ ತನ್ನಿ, ಒಂದೊಂದಾಗಿ ಅಳೆದು ಇಳಿಸೋಣ.