ಮೋರೇರ ಮನೆ, ನಿಲಸ್ಕಲ್ಲು

ಕೇಳುಗರಿಗೆ ನಮಸ್ಕಾರ.

ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಗುಡ್ಡ ಹತ್ತುತ್ತಿದ್ದೆ. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಕೇಳಿದರು: "ಮೋರೇರ ಮನಿ ನೋಡಾಕ ಬಂದೀರೇನ್ರಿ?" ನಾನು ಪುಸ್ತಕದಲ್ಲಿ ಓದಿದ್ದು 'ಬೃಹತ್ ಶಿಲಾ ಸಮಾಧಿ' ಅಂತ. ಅಜ್ಜನ ಬಾಯಲ್ಲಿ ಅದು ಮನೆ.

ಮೇಲೆ ಹೋಗಿ ನೋಡಿದರೆ ಮನೆಯೇ. ಸುತ್ತ ಚಪ್ಪಡಿ ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಆಳೆತ್ತರಕ್ಕೂ ಜಾಸ್ತಿ, ಕೆಲವು ಮೊಣಕಾಲೆತ್ತರ. ಮೋರೇರು ಅಂದ್ರೆ ಹಿಂದೆ ಇಲ್ಲಿದ್ದ ಗಿಡ್ಡ ಜನ ಅಂತ ಊರವರ ನಂಬಿಕೆ. ಒಂದು ಮನೆಯ ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಇತ್ತು. ಅದರ ಅಂಚಿನ ಮೇಲೆ ಕೈಯಾಡಿಸಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರೋ ಕೂತು, ಸುಮ್ನೆ ಕುಟ್ಟದೆ, ಅಳತೆ ನೋಡಿ ಕೊರೆದ ಕಿಂಡಿ ಅದು. ಇಂಥ ಸುಮಾರು 400 ಕಟ್ಟಡಗಳು ಆ ಗುಡ್ಡದಲ್ಲಿವೆ. ಪಕ್ಕದ ಬಂಡೆಯ ನೆತ್ತಿಯಲ್ಲಿ ನಗಾರಿಯಂಥ ದೊಡ್ಡ ಕಲ್ಲೊಂದಿದೆ, ಸುಮಾರು 2 ಮೀಟರ್ ಅಗಲ. ಮರದ ಕೊಡತಿಯಿಂದ ಬಡಿದರೆ ಸದ್ದು ದೂರಕ್ಕೆ ಹೋಗುತ್ತದೆ.

ಇವು ಸತ್ತವರಿಗಾಗಿ ಕಟ್ಟಿದವು ಅಂತ ವಿದ್ವಾಂಸರು ಹೇಳುತ್ತಾರೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಕಿಂಡಿ ಇರುವ ಕಲ್ಲುಗೋರಿಗಳಲ್ಲಿ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು ಸಿಕ್ಕವು. ಸತ್ತವರಿಗೂ ಒಂದು ಮನೆ ಬೇಕಲ್ವಾ? ಅಜ್ಜನ ಮಾತು ಇನ್ನೂ ಸರಿ ಅನ್ನಿಸಿತು.

ಇಂಗ್ಲಿಷಿನಲ್ಲಿ ಇವನ್ನ ಡಾಲ್ಮೆನ್ ಅಂತಾರೆ. ಫ್ರಾನ್ಸಿನ ಬ್ರಿಟನಿ ಸೀಮೆಯ ಮಾತಿನಿಂದ ಕಟ್ಟಿದ ಪದ. ಅರ್ಥ ಮೇಜಿನ ಕಲ್ಲು. ಅವರ ಕಣ್ಣಿಗೆ ಮೇಜು ಕಂಡಿತು, ನಮ್ಮವರಿಗೆ ಮನೆ, ಇನ್ನು ಕೆಲವು ಕಡೆ ಪಾಂಡವರ ಗುಡಿ. ನಿಲ್ಲಿಸಿದ ಒಂಟಿ ಕಲ್ಲಿಗೆ ಮೆನ್ಹಿರ್ ಅನ್ನೋದೂ ಅಲ್ಲಿಂದಲೇ ಬಂದಿದ್ದು, ಉದ್ದ ಕಲ್ಲು ಅಂತ. ನಮ್ಮ ಮಕ್ಕಳು ಈ ಎರಡು ಪದವನ್ನ ಬಾಯಿಪಾಠ ಮಾಡುತ್ತಾರೆ. ಮೋರೇರ ಮನೆ ಅನ್ನುವ ಮಾತು ಅವರ ಪಾಠದಲ್ಲಿ ಇಲ್ಲದೆ ಹೋದರೆ ನನಗೆ ಬೇಸರವಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಹೋಗಿ. ಅಲ್ಲಿ ಬಯಲಿನಲ್ಲಿ ಕಲ್ಲುಗಳು ಚೆದುರಿ ನಿಂತಿವೆ. ಕೆಲವು ಜೋಡಿಗಳು ಅಯನ ತಿರುಗುವ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ನೇರವಾಗಿವೆ ಅಂತ ಅಳೆದು ನೋಡಿದವರು ಬರೆದಿದ್ದಾರೆ. ಊರಿನ ಹೆಸರೇ ನಿಲಸ್ಕಲ್. ಅಂದ್ರೆ ನಿಲ್ಲಿಸಿದ ಕಲ್ಲು. ಕಾಗದದ ಮೇಲೆ ವಿಳಾಸ ಬರೆಯುವಾಗ ಆ ಊರಿನವರು ಇವತ್ತಿಗೂ ಆ ಪದವನ್ನೇ ಬರೆಯುತ್ತಾರೆ.

ನಮಸ್ಕಾರ.