ಮಗುವನ್ನೂ ಕರೆದುಕೊಂಡು ಬನ್ನಿ: ಗುಲುವಿನ ಸಿಸ್ಟರುಗಳ ಹೊಲಿಗೆ ಶಾಲೆ

[ದೃಶ್ಯ: ಉಗಾಂಡಾದ ನಕ್ಷೆ. ಉತ್ತರ ಭಾಗದಲ್ಲಿ ಅಬೋಕೆ, ಗುಲು ಮತ್ತು ಅತಿಯಾಕ್ ಊರುಗಳು ಒಂದೊಂದಾಗಿ ಗುರುತಾಗುತ್ತವೆ.]

ನಿರೂಪಣೆ: ನಮಸ್ಕಾರ. 1996ರ ಅಕ್ಟೋಬರ್ 9ರ ರಾತ್ರಿ ಕಳೆದು ಬೆಳಗಾಗುವ ಮುನ್ನ, ಉತ್ತರ ಉಗಾಂಡಾದ ಅಬೋಕೆ ಎಂಬಲ್ಲಿದ್ದ ಕಥೋಲಿಕ ಹೆಣ್ಣುಮಕ್ಕಳ ವಸತಿ ಶಾಲೆಗೆ ಬಂಡುಕೋರರು ನುಗ್ಗಿ, 139 ವಿದ್ಯಾರ್ಥಿನಿಯರನ್ನು ಹಗ್ಗದಲ್ಲಿ ಕಟ್ಟಿ ಕಾಡಿಗೆ ಎಳೆದೊಯ್ದರು. ಶಾಲೆಯ ಉಪ ಮುಖ್ಯೋಪಾಧ್ಯಾಯಿನಿಯಾಗಿದ್ದ ಇಟಲಿಯ ಸಿಸ್ಟರ್ ರಾಕೆಲೆ ಫಸ್ಸೆರಾ, ಜಾನ್ ಬಾಸ್ಕೋ ಓಚೆನ್ ಎಂಬ ಶಿಕ್ಷಕರನ್ನು ಜೊತೆಗಿಟ್ಟುಕೊಂಡು, ಬರಿಗೈಯಲ್ಲಿ ಅವರ ಜಾಡು ಹಿಡಿದು ನಡೆದರು. ಆ ತಂಡದ ನಾಯಕನನ್ನು ಕಂಡು, ಬೇಡಿ, ವಾದಿಸಿ, 109 ಮಕ್ಕಳನ್ನು ಬಿಡಿಸಿಕೊಂಡು ಬಂದರು. ಉಳಿದ 30 ಮಂದಿಯನ್ನು ಆತ ಬಿಡಲಿಲ್ಲ. ಅವರಲ್ಲಿ ಕೆಲವರು ಕಾಡಿನಲ್ಲೇ ಸತ್ತರು. ಉಳಿದವರು ವರ್ಷಗಳ ನಂತರ ಒಬ್ಬೊಬ್ಬರಾಗಿ ತಪ್ಪಿಸಿಕೊಂಡು ಬಂದಾಗ ಹಲವರ ಕಂಕುಳಲ್ಲಿ ಮಗುವಿತ್ತು.

ಜಗತ್ತು ಹೆಚ್ಚಾಗಿ ಮಾತನಾಡಿದ್ದು ಆ ಸಾಹಸದ ಬಗ್ಗೆ. ಇಂದಿನ ನಮ್ಮ ವಿಷಯ ಕಂಕುಳಲ್ಲಿದ್ದ ಆ ಮಗು.

ಜೋಸೆಫ್ ಕೋನಿ ಎಂಬಾತ 1987ರ ಹೊತ್ತಿಗೆ ಕಟ್ಟಿದ, ಆ ಬಂಡುಕೋರರ ಪಡೆಯಾದ ‘ಲಾರ್ಡ್ಸ್ ರೆಸಿಸ್ಟನ್ಸ್ ಆರ್ಮಿ’ ಸರ್ಕಾರದ ವಿರುದ್ಧ ಹೋರಾಡುತ್ತೇನೆಂದು ಹೇಳಿಕೊಂಡರೂ, ಅದರ ಏಟು ಬಿದ್ದದ್ದು ಹೆಚ್ಚಾಗಿ ಆತನದೇ ಅಚೋಲಿ ಜನರ ಮೇಲೆ. ಯುನಿಸೆಫ್ ಅಂದಾಜಿನಂತೆ ಸುಮಾರು 25,000 ಮಕ್ಕಳನ್ನು ಈ ಪಡೆ ಅಪಹರಿಸಿತು. ಗಂಡುಮಕ್ಕಳ ಕೈಗೆ ಬಂದೂಕು ಕೊಟ್ಟರು. ಹೆಣ್ಣುಮಕ್ಕಳಿಗೆ ಹೊರೆ ಹೊರಿಸಿದರು, ಬಂದೂಕನ್ನೂ ಕೊಟ್ಟರು, ಕಮಾಂಡರುಗಳಿಗೆ ‘ಹೆಂಡತಿ’ಯರೆಂದು ಹಂಚಿದರು. ಅಪಹರಣದ ಭಯ ಎಷ್ಟಿತ್ತೆಂದರೆ, 2004ರ ಸುಮಾರಿಗೆ ಹತ್ತಾರು ಸಾವಿರ ಮಕ್ಕಳು ಪ್ರತಿ ಸಂಜೆ ಹಳ್ಳಿಯಿಂದ ಗುಲುವಿನಂಥ ಪಟ್ಟಣಗಳಿಗೆ ನಡೆದು ಬಂದು, ಅಂಗಡಿ ಜಗಲಿಗಳಲ್ಲಿಯೂ ಆಸ್ಪತ್ರೆ, ಚರ್ಚುಗಳ ಆವರಣದಲ್ಲಿಯೂ ಮಲಗಿ, ಬೆಳಿಗ್ಗೆ ಮತ್ತೆ ಊರಿಗೆ ಹೋಗುತ್ತಿದ್ದರು.

[ದೃಶ್ಯ: ಸಾಲಾಗಿರುವ ಕಾಲುತುಳಿತದ ಹೊಲಿಗೆ ಯಂತ್ರಗಳು. ಒಂದರ ಪಕ್ಕದಲ್ಲಿ ನೆಲದ ಮೇಲೆ ಮಗುವೊಂದು ಬಟ್ಟೆಯ ಚೂರು ಹಿಡಿದು ಕುಳಿತಿದೆ.]

ನಿರೂಪಣೆ: ಗುಲು ಪಟ್ಟಣದಲ್ಲಿ ಸೇಂಟ್ ಮೋನಿಕಾ ಎಂಬ ಹೆಣ್ಣುಮಕ್ಕಳ ಹೊಲಿಗೆ ತರಬೇತಿ ಕೇಂದ್ರ 1980ರ ದಶಕದಿಂದಲೂ ಇತ್ತು. 2001ರಲ್ಲಿ ಅದರ ಹೊಣೆ ವಹಿಸಿಕೊಂಡವರು ಸಿಸ್ಟರ್ ರೋಸ್‌ಮೇರಿ ನ್ಯಿರುಂಬೆ. ಉಗಾಂಡಾದ ಪೈಧಾ ಊರಿನಲ್ಲಿ 1956ರಲ್ಲಿ ಹುಟ್ಟಿದ ಅವರು, 15ನೇ ವಯಸ್ಸಿಗೇ ‘ಯೇಸುವಿನ ಪವಿತ್ರ ಹೃದಯ’ದ ಸಿಸ್ಟರುಗಳ ಸಭೆಯನ್ನು ಸೇರಿ, ಸೂಲಗಿತ್ತಿಯ ತರಬೇತಿ ಪಡೆದವರು. ಆಫ್ರಿಕಾದ ಸೇವಾಸಂಸ್ಥೆ ಎಂದೊಡನೆ ಬಿಳಿಯರ ಚಿತ್ರವನ್ನೇ ಕಲ್ಪಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಈ ಕೇಂದ್ರವನ್ನು ನಡೆಸಿದವರು ಅದೇ ನೆಲದ ಹೆಣ್ಣುಮಕ್ಕಳು.

ಅವರು ಬಂದಾಗ ಕಟ್ಟಡಗಳು ದೊಡ್ಡವಿದ್ದವು, ವಿದ್ಯಾರ್ಥಿನಿಯರು ಬೆರಳೆಣಿಕೆಯಷ್ಟಿದ್ದರು. ಪಾಠದಲ್ಲಿ ಮನಸ್ಸು ನಿಲ್ಲದವರನ್ನು ವಿಚಾರಿಸಿದಾಗ ತಿಳಿದದ್ದು, ಅವರು ಕಾಡಿನಿಂದ ತಪ್ಪಿಸಿಕೊಂಡು ಬಂದವರು ಎಂಬುದು. ಇಂಥವರು ಹೊರಗೆ ಇನ್ನೆಷ್ಟೋ ಮಂದಿ ಇರಬೇಕು, ಶಾಲೆಗೆ ಬರಲು ಅವರಿಗೆ ಅಡ್ಡಿಯಾಗಿರುವುದು ಮಡಿಲಲ್ಲಿರುವ ಮಗು ಎಂದು ಗ್ರಹಿಸಿದ ಸಿಸ್ಟರ್, ಸ್ಥಳೀಯ ರೇಡಿಯೋದಲ್ಲಿ ಪ್ರಕಟಣೆ ಕೊಡಿಸಿದರು: ಸೆರೆಯಿಂದ ಮರಳಿದವರು, ಗರ್ಭಿಣಿಯರು, ಮಕ್ಕಳೊಂದಿಗರು, ಯಾರೇ ಆಗಲಿ ಬರಬಹುದು, ಮಗುವನ್ನೂ ಕರೆತರಬಹುದು.

ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ಹೂರಣ ಇರುವುದು ಆ ಕೊನೆಯ ಮಾತಿನಲ್ಲಿ. ಆ ಕಾಲದ ಉತ್ತರ ಉಗಾಂಡಾದಲ್ಲಿ ಇಂಥ ಮಗುವನ್ನು ನೆರೆಹೊರೆಯವರು ‘ಕೋನಿಯ ಮಗು’ ಎಂದು ಹಂಗಿಸುತ್ತಿದ್ದರು. ಹೀಗೆ ಹುಟ್ಟಿದವರಿಗೆ ಇಟ್ಟ ಹೆಸರುಗಳಲ್ಲಿ ಕೊಮಾಕೆಚ್ ಒಂದು. ಅಚೋಲಿ ಭಾಷೆಯಲ್ಲಿ ಅದರ ಅರ್ಥ ‘ನಾನು ನತದೃಷ್ಟ’. ಮಗುವನ್ನು ಅನಾಥಾಲಯಕ್ಕೆ ಸೇರಿಸಿ ತಾಯಿಯನ್ನು ತರಗತಿಗೆ ಕಳುಹಿಸುವುದು ಸುಲಭದ ದಾರಿಯಾಗಿತ್ತು. ಸಿಸ್ಟರುಗಳು ಆ ದಾರಿ ಹಿಡಿಯದೆ, ಆವರಣದೊಳಗೇ ಶಿಶುವಿಹಾರ ನಡೆಸಿ, ತಾಯಿ ಬಟ್ಟೆ ಕತ್ತರಿಸುವ ಹೊತ್ತಿನಲ್ಲಿ ಮಗು ಕೂಗಳತೆಯಲ್ಲೇ ಇರುವಂತೆ ನೋಡಿಕೊಂಡರು.

ಹೊಲಿಗೆ ಯಂತ್ರವನ್ನೇ ಏಕೆ ಹಿಡಿದರು ಎಂದು ಕೇಳಬಹುದು. ವೇದಿಕೆಯ ಮೇಲೆ ಸಾಲಾಗಿ ಯಂತ್ರಗಳನ್ನಿಟ್ಟು ಫೋಟೋ ತೆಗೆಸಿಕೊಳ್ಳುವ ವಿತರಣಾ ಸಮಾರಂಭಗಳನ್ನು ನೋಡಿ ಬೇಸತ್ತಿರುವ ನಮಗೆ ಈ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ: ಓದುವ ವಯಸ್ಸನ್ನು ಕಾಡಿನಲ್ಲಿ ಕಳೆದವರನ್ನು ಕಪ್ಪುಹಲಗೆಯ ಮುಂದೆ ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಅವರು ನಿಲ್ಲುವುದಿಲ್ಲ, ಅಳತೆ ಪಟ್ಟಿ ಹಿಡಿಯುವುದನ್ನು, ಬಾಬಿನ್‌ಗೆ ದಾರ ಸುತ್ತುವುದನ್ನು, ಅಂಚು ಮಡಚುವುದನ್ನು ಕೈಯಿಂದ ಕೈಗೆ ಕಲಿಸಬಹುದು.

[ದೃಶ್ಯ: ಮೇಜಿನ ಮೇಲೆ ಅಲ್ಯೂಮಿನಿಯಂ ಕೊಂಡಿಗಳ ರಾಶಿ. ಒಂದು ಕೈ ಅವುಗಳನ್ನು ದಾರದಲ್ಲಿ ಪೋಣಿಸುತ್ತಿದೆ.]

ನಿರೂಪಣೆ: ಈ ಚೀಲವನ್ನು ಹತ್ತಿರದಿಂದ ನೋಡಿ. ತಂಪು ಪಾನೀಯದ ಡಬ್ಬಿ ತೆರೆಯುವಾಗ ನಾವು ಬೆರಳಿನಿಂದ ಎತ್ತುವ ಪುಟ್ಟ ಕೊಂಡಿಯೇ ಇದರ ಸಾಮಗ್ರಿ. ಪ್ರತಿ ಕೊಂಡಿಗೂ ಎರಡು ತೂತುಗಳಿರುತ್ತವೆ. ಒಂದರ ಮೇಲೊಂದು ಅರ್ಧ ಬರುವಂತೆ ಜೋಡಿಸಿ, ತೂತಿನಿಂದ ತೂತಿಗೆ ದಾರ ಹಾಯಿಸಿ, ಕ್ರೋಶಾ ಕಡ್ಡಿಯಿಂದ ಹೆಣೆಯುತ್ತಾ ಹೋದರೆ ಮೀನಿನ ಹೊಪ್ಪಳೆಯಂತೆ ಹೊಳೆಯುವ ಚೀಲವಾಗುತ್ತದೆ. ಇವು ಅಮೆರಿಕದವರೆಗೂ ಹೋಗಿ ಮಾರಾಟವಾದವು. ಸಿಸ್ಟರ್ ರೋಸ್‌ಮೇರಿಯವರನ್ನು 2007ರಲ್ಲಿ ಸಿಎನ್‌ಎನ್ ಗೌರವಿಸಿತು. 2014ರಲ್ಲಿ ಟೈಮ್ ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಅವರ ಹೆಸರು ಬಂತು. 1995ರಲ್ಲಿ ಹತ್ಯಾಕಾಂಡ ಕಂಡ ಅತಿಯಾಕ್‌ನಲ್ಲಿಯೂ ಸಂಸ್ಥೆಯ ಇನ್ನೊಂದು ಕೇಂದ್ರ ಆರಂಭವಾಯಿತು.

ಹೊಲಿಗೆಯಿಂದ ಬಗೆಹರಿಯದ ತೊಡಕೊಂದಿದೆ. ಅಚೋಲಿ ಸಂಪ್ರದಾಯದಲ್ಲಿ ಮಗು ತಂದೆಯ ಕುಲಕ್ಕೆ ಸೇರಿದ್ದು, ಜಮೀನಿನ ಹಕ್ಕೂ ಆ ಕಡೆಯಿಂದಲೇ ಬರುತ್ತದೆ. ತಂದೆ ಯಾರೆಂದು ತಿಳಿಯದಿದ್ದರೆ, ತಿಳಿದರೂ ಹೇಳುವಂತಿಲ್ಲದಿದ್ದರೆ, ಆ ಮಗುವಿಗೆ, ಅದರಲ್ಲೂ ಗಂಡುಮಗುವಿಗೆ, ಉಳುವುದಕ್ಕೂ ಮನೆ ಕಟ್ಟುವುದಕ್ಕೂ ನೆಲವಿರುವುದಿಲ್ಲ.

ಎಳೆಯನಾಗಿದ್ದಾಗ ತಾನೇ ಅಪಹರಣಕ್ಕೊಳಗಾಗಿ, ಮುಂದೆ ಕೋನಿಯ ಪಡೆಯಲ್ಲೇ ಕಮಾಂಡರ್ ಆದ ಡೊಮಿನಿಕ್ ಓಂಗ್ವೆನ್‌ಗೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ 25 ವರ್ಷಗಳ ಶಿಕ್ಷೆ ವಿಧಿಸಿತು. ಬಲವಂತದ ಗರ್ಭಧಾರಣೆಯೂ ಆತನ ಮೇಲೆ ಸಾಬೀತಾದ ಅಪರಾಧಗಳಲ್ಲಿ ಒಂದು. 2024ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ, ಈ ಅಪರಾಧಗಳಿಂದ ಹುಟ್ಟಿದ ಮಕ್ಕಳನ್ನೂ ಸಂತ್ರಸ್ತರೆಂದು ಎಣಿಸಿ, ತಲಾ 750 ಯೂರೋಗಳ ಸಾಂಕೇತಿಕ ಪರಿಹಾರಕ್ಕೆ ಆದೇಶಿಸಿತು. ಅಪರಾಧಿಯ ಬಳಿ ಹಣವಿಲ್ಲದ ಕಾರಣ, ಅದನ್ನು ನ್ಯಾಯಾಲಯದ ಸಂತ್ರಸ್ತರ ನಿಧಿ ದೇಣಿಗೆ ಎತ್ತಿ ಹೊಂದಿಸಬೇಕು. ಸೇಂಟ್ ಮೋನಿಕಾದ ಹೊಲಿಗೆ ಕೋಣೆಯಲ್ಲಿ ಬಟ್ಟೆಯ ಚೂರುಗಳೊಂದಿಗೆ ಆಡುತ್ತಿದ್ದ ಮೊದಮೊದಲ ಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ.